ಎಡಸೀಟಿನ ಕತ್ತರಿ

ಮಾರ್ಚ್ 4

ಪಟಪಟಿ,

ಇನ್ನೂ ಈ ಹೆಸರಿನಿಂದ ಕರೆಯಬಹುದು ತಾನೆ? ಪೇಪರಿನಲ್ಲಿ ನಿನ್ನ ಫೋಟೋ ಬರುತ್ತದೆ, ಈಗ ನೀನು ದೊಡ್ಡ ಜನ. ಆದರೆ ಹನ್ನೊಂದು ವರ್ಷದ ಹಿಂದೆ ನನ್ನ ಎಡಗಡೆಯ ಮಷೀನಿನಲ್ಲಿ ಕೂತು, ಬೆಳಗಿನ ಬೆಲ್ಲಿನಿಂದ ಸಂಜೆಯ ಬೆಲ್ಲಿನವರೆಗೆ ಸೂಜಿಗಿಂತ ಜೋರಾಗಿ ನಾಲಿಗೆ ಓಡಿಸುತ್ತಿದ್ದವಳಿಗೆ ಲೈನೆಲ್ಲ ಸೇರಿ ಇಟ್ಟ ಹೆಸರು ಅದು. ನಾನು ಮರೆತಿಲ್ಲ.

ಕಾಗದ ಯಾಕೆ ಅಂತ ನಗಬೇಡ. ನಮ್ಮೆಲ್ಲರ ಫೋನಿನಲ್ಲಿ ಫ್ಯಾಕ್ಟರಿಯವರು ಒಂದು ಆ್ಯಪ್ ಕೂರಿಸಿದ್ದಾರೆ, ಹಾಜರಿಗೆ ಅಂತ. ಅದು ಹಾಜರಿ ಮಾತ್ರ ನೋಡುತ್ತದೆ ಅಂತ ನಂಬಲು ನಾನೇನು ನಿನ್ನೆ ಹುಟ್ಟಿದವಳಲ್ಲ.

ನಿನ್ನ ಅಂಕಣ ಬರುವ ದಿನ ಊಟದ ಹಾಲಿನಲ್ಲಿ ಯಾರೂ ಜಗಳ ಆಡುವುದಿಲ್ಲ. ಕಟಿಂಗ್ ಮಾಸ್ಟರ್ ಬೆಂಚು ಹತ್ತಿ ಜೋರಾಗಿ ಓದುತ್ತಾನೆ. ಜೀನ್ ಕತ್ತರಿಸುವ ತಂತ್ರ ಬಂದರೆ ಅತ್ತೆಯ ಮೂಗನ್ನು ಮೊಮ್ಮಗಳ ಮುಖದಿಂದ ಬಿಚ್ಚಿ ಬೇರೆ ಹೊಲಿಯಬಹುದು ಅಂತ ಬರೆದಿದ್ದೆಯಲ್ಲ, ಆವತ್ತು ಬಟನ್ ಹಾಕುವವಳಿಗೆ ನೆತ್ತಿಗೆ ಹತ್ತಿ ಬೆನ್ನು ಗುದ್ದಬೇಕಾಯಿತು. ಕ್ವಾಂಟಂ ಕಂಪ್ಯೂಟರ್ ಒಂದೇ ಹೊತ್ತಿಗೆ ಹೌದೂ ಅನ್ನುತ್ತೆ, ಇಲ್ಲವೂ ಅನ್ನುತ್ತೆ ಅಂತ ಓದಿದಾಗ ದೊಡ್ಡಮ್ಮ ಹೇಳಿದ್ದು ಕೇಳು: "ಅದಕ್ಕೆ ಮಷೀನ್ ಯಾಕವ್ವ? ನಮ್ ಸೂಪರ್‌ವೈಸರ್‌ನ ರಜೆ ಕೇಳಿ ನೋಡು." ದೊಡ್ಡಮ್ಮ ಅಂದರೆ ಈಗ ನಿನ್ನ ಸೀಟಿನಲ್ಲಿ ಕೂರುವವಳು. ಇಪ್ಪತ್ತಾರು ವರ್ಷದ ಸರ್ವೀಸು. ನೀನಿದ್ದಾಗ ಬೇರೆ ಲೈನಿನಲ್ಲಿದ್ದಳು.

ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲರ್ ಲೈನಿಗೆ ಹಣೆಗೆ ಕಟ್ಟುವ ಕ್ಯಾಮೆರಾ, ಕೈಗೆ ತಂತಿ ಹಾಕಿದ ತೆಳು ಗ್ಲೌಸು ಬಂದಿವೆ. ಮೂವತ್ತೆರಡು ಜನಕ್ಕೆ ಮೂವತ್ತೆರಡು ಜೊತೆ. ನಾವು ಹೊಲಿಯುವುದನ್ನು ನೋಡಿ ಒಂದು ಯಂತ್ರ ಕಲಿಯುತ್ತದಂತೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹತ್ತು ಪುಟ, ಇರುವೆಯಂಥ ಅಕ್ಷರ. ಲೈನಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ನಾನು ನಿನ್ನ ಮುಖ ನೋಡುತ್ತಿದ್ದೇನೆ. ನೀನು ನಮ್ಮವಳು. ತಮಾಷೆ ಬಿಟ್ಟು ಹೇಳು. ಹಾಕೋಣವೋ ಬೇಡವೋ?

ನಿನ್ನ
ಬಲಸೀಟು

•

ಮಾರ್ಚ್ 13

ಬಲಸೀಟೇ,

ನಿನ್ನ ಕೈಬರಹ ನೋಡಿ ಕಣ್ಣು ತುಂಬಿತು. ಕಾಲರಿನ ಹೊಲಿಗೆಯಷ್ಟೇ ನೇರ. ನನ್ನ ಕೈಬರಹ ಸತ್ತು ಹೋಗಿದೆ, ಎಲ್ಲ ಕೀಬೋರ್ಡಿನ ಪಾಲು.

ತಮಾಷೆ ಬಿಟ್ಟು ಹೇಳು ಅಂದರೆ ನನ್ನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಆದರೂ ಕೇಳು. ಈ ಯಂತ್ರಕ್ಕೆ ಕಣ್ಣಿದೆ, ಬುದ್ಧಿ ಇಲ್ಲ. ಹೊಸ ಸೊಸೆ ಅತ್ತೆಯ ಕೈ ನೋಡಿ ಅಡಿಗೆ ಕಲಿಯುತ್ತಾಳಲ್ಲ, ಹಾಗೆ ಕಲಿಯುತ್ತದೆ. ಅತ್ತೆ ಉಪ್ಪು ಹಾಕಿ ಸೀನಿದರೆ ಸೊಸೆಯೂ ಉಪ್ಪು ಹಾಕಿ ಸೀನುತ್ತಾಳೆ. ಸೀನು ಅಡಿಗೆಯ ಭಾಗವೋ ಅಲ್ಲವೋ ಆ ಪುಣ್ಯಾತ್ಗಿತ್ತಿಗೆ ಗೊತ್ತಿಲ್ಲ. ಒಂದು ಲಕ್ಷ ಸಲ ನೋಡಿದರೂ ಕೈ ಹೇಗೆ ಆಡುತ್ತದೆ ಅಂತ ಗೊತ್ತಾಗುತ್ತದೆಯೇ ಹೊರತು ಯಾಕೆ ಆಡುತ್ತದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹೆದರಬೇಡಿ. ಅದು ನಿಮ್ಮನ್ನು ನೋಡುವುದಿಲ್ಲ, ನಿಮ್ಮ ಬೆರಳು ನೋಡುತ್ತದೆ.

ಇನ್ನೊಂದು. ಮನುಷ್ಯ ಮಾಡಿದ ಯಂತ್ರ ಚಂದ್ರನ ಮೇಲೆ ಇಳಿದಿದೆ, ಆದರೆ ಒಂದು ಅಂಗಿ ಮಡಿಸು ಅಂದರೆ ಬೆವರುತ್ತದೆ. ಲೋಹ ಹೇಳಿದ ಮಾತು ಕೇಳುತ್ತದೆ, ಬಟ್ಟೆ ಹಟಮಾರಿ ಮಗು. ಎಳೆದರೆ ಉದ್ದ, ಬಿಟ್ಟರೆ ಮುದ್ದೆ. ನಿಮ್ಮ ಬೆರಳಿನ ತುದಿಯಲ್ಲಿರುವ ಲೆಕ್ಕಾಚಾರ ಹಿಡಿಯಲು ಈ ಜನಕ್ಕೆ ಇನ್ನೂ ಹತ್ತು ವರ್ಷ ಬೇಕು. ಅಷ್ಟರಲ್ಲಿ ದೊಡ್ಡಮ್ಮ ನಿವೃತ್ತಿ, ನೀನು ಅಜ್ಜಿ.

ಸಹಿ ಹಾಕಿ. ಹಾಕದಿದ್ದರೆ ಬೇರೆ ಲೈನಿನವರು ಹಾಕುತ್ತಾರೆ, ನೀವು ಕೆಟ್ಟವರಾಗುತ್ತೀರಿ.

ಒಂದು ಸಣ್ಣ ಕೋರಿಕೆ. ನಾನು ಅಲ್ಲಿ ಹೊಲಿಯುತ್ತಿದ್ದೆ ಅಂತ ಪೇಪರಿನವರಿಗೆ ಹೇಳಿಲ್ಲ. ಮುಚ್ಚಿಡುವಂಥದ್ದೇನಲ್ಲ, ಸಂದರ್ಭ ಬಂದಿಲ್ಲ ಅಷ್ಟೇ. ಕಟಿಂಗ್ ಮಾಸ್ಟರ್ ಓದುಗರ ಓಲೆಗೆ ಗೀಲೆಗೆ ಬರೆಯದ ಹಾಗೆ ನೋಡಿಕೋ.

ಪಟಪಟಿ

•

ಏಪ್ರಿಲ್ 6

ಪಟಪಟಿ,

ಸಹಿ ಹಾಕಿದೆವು. ನಿನ್ನ ಕಾಗದವನ್ನು ನಾನೇ ಬೆಂಚಿನ ಮೇಲೆ ನಿಂತು ಓದಿದೆ, ಕೊನೆಯ ನಾಲ್ಕು ಸಾಲು ಬಿಟ್ಟು. ಸೊಸೆಯ ಸೀನಿಗೆ ಹಾಲೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರೇ ಬಂದು ಹಾಕಿದರು. ದೊಡ್ಡಮ್ಮ ಕೇಳಿದಳು, "ನೀನ್ ಹಾಕ್ದೇನೇ?" ಹೂಂ ಅಂದೆ. "ಹಂಗಾದ್ರೆ ನಂದೂ ಇರ್ಲಿ."

ಹಣೆಗೆ ಕಟ್ಟಿಕೊಂಡ ಮೊದಲ ದಿನ ನಮ್ಮ ಅವತಾರ ನೋಡಬೇಕಿತ್ತು. ಗಣಿಯೊಳಗೆ ಇಳಿಯುವವರ ಹಾಗೆ. ತಲೆ ಕೆರೆದರೆ ಗ್ಲೌಸಿನ ತಂತಿ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. "ನಾಳೆ ಆ ಮಷೀನೂ ತಲೆ ಕೆರ್ಕೊಳತ್ತೆ ನೋಡ್ತಿರು" ಅಂತ ದೊಡ್ಡಮ್ಮ ಬೇಕೆಂದೇ ಗಂಟೆಗೊಮ್ಮೆ ಕೆರೆದುಕೊಳ್ಳುತ್ತಾಳೆ. ಅವಳ ಹೇನನ್ನೂ ಯಂತ್ರಕ್ಕೆ ಕಲಿಸುತ್ತಾಳಂತೆ.

ಉಳಿದದ್ದೆಲ್ಲ ನೀನು ಬಿಟ್ಟು ಹೋದ ಹಾಗೇ ಇದೆ. ಲೈನಿಗೆ ಒಂದೇ ಹಳದಿ ಬಿಲ್ಲೆ, ಅದು ಸೂಪರ್‌ವೈಸರ್ ಮೇಜಿನ ಮೇಲೆ. ಬಿಲ್ಲೆ ಇಲ್ಲದೆ ಟಾಯ್ಲೆಟ್ಟಿಗೆ ಏಳುವ ಹಾಗಿಲ್ಲ. ಗಂಟೆಗೆ ನಲವತ್ತು ಕಾಲರ್. ಎಣಿಕೆ ಬಿದ್ದರೆ ತಲೆ ಮೇಲಿನ ಬೋರ್ಡಿನಲ್ಲಿ ನಿನ್ನ ಸೀಟಿನ ಸಂಖ್ಯೆ ಕೆಂಪಾಗುತ್ತದೆ. ಅವನು ಮನುಷ್ಯರನ್ನು ನೋಡುವುದಿಲ್ಲ, ಬೋರ್ಡು ನೋಡುತ್ತಾನೆ. ಹಾಗಾಗಿ ನಮ್ಮ ನೆರೆಕೈಯೂ ಹಾಗೇ ಇದೆ. ಏಳಬೇಕಾದವಳು ತನ್ನ ಕತ್ತರಿಯನ್ನು ಸದ್ದಿಲ್ಲದೆ ಪಕ್ಕದವಳ ಮೇಜಿಗೆ ತಳ್ಳುತ್ತಾಳೆ, ಬಂಡಲುಗಳ ಹಿಂದಿನಿಂದ ಬಗ್ಗಿ ಹೋಗುತ್ತಾಳೆ. ಪಕ್ಕದವಳು ಕೈ ಚಾಚಿ ಅವಳ ಪೀಸು ಎಳೆದುಕೊಂಡು ತನ್ನದರ ಜೊತೆ ಹೊಲಿದು ವಾಪಸ್ ಇಡುತ್ತಾಳೆ. ಬೋರ್ಡು ಹಸಿರಾಗೇ ಇರುತ್ತದೆ. ದೊಡ್ಡಮ್ಮನಿಗೆ ವಯಸ್ಸಾಯಿತು, ದಿನಕ್ಕೆ ಐದಾರು ಸಲ ಅವಳ ಕತ್ತರಿ ನನ್ನ ಮೇಜಿಗೆ ಬರುತ್ತದೆ.

ಕ್ಯಾಮೆರಾ ಇರುವಾಗ ನಿಲ್ಲಿಸೋಣ ಅಂತ ಒಬ್ಬಿಬ್ಬರು ಅಂದರು. ಕೈ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ ಅಂತ ನೀನೇ ಬರೆದಿದ್ದೆಯಲ್ಲ, ಅದನ್ನೇ ಹೇಳಿ ಧೈರ್ಯ ತುಂಬಿದೆ.

ಆ ಮಧ್ಯಾಹ್ನದ ಇಪ್ಪತ್ತೇಳು ಕಾಲರ್ ನಿನಗೆ ನೆನಪಿದ್ದೇ ಇರುತ್ತದೆ. ಅದರ ಬಗ್ಗೆ ಬರೆಯುವುದಿಲ್ಲ.

ಬಲಸೀಟು

•

ಏಪ್ರಿಲ್ 30

ಬಲಸೀಟೇ,

ಓಡುತ್ತಾ ಬರೆಯುತ್ತಿದ್ದೇನೆ. ಆ ಯಂತ್ರ ನೋಡಿಬಂದೆ! ಮಾಡುವ ಕಂಪನಿಯವರೇ ಪೇಪರಿನವರನ್ನೆಲ್ಲ ಕರೆದಿದ್ದರು. ಎರಡು ಬಿಳಿ ಕೈ, ನಡುವೆ ಒಂದು ಕಣ್ಣು, ತಲೆ ಇಲ್ಲ. (ಮೇಲಧಿಕಾರಿ ಹುದ್ದೆಗೆ ಬೇಗ ಬಡ್ತಿ ಸಿಗಬಹುದು.) ಕಾಲರ್ ಹೊಲಿಯಿತು ಕಣೇ. ನಿಜವಾಗಿ. ಮೂಲೆ ತಿರುಗಿಸುವಾಗ ಹೆಬ್ಬೆರಳಿನಲ್ಲಿ ಒಂದು ಸಣ್ಣ ಒತ್ತು ಕೊಟ್ಟಿತು. ಅದು ನಿನ್ನ ಒತ್ತು. ನನ್ನ ಮೈ ಝುಂ ಅಂದಿತು. ಹತ್ತು ವರ್ಷ ಅಂದಿದ್ದೆ, ಅಷ್ಟೆಲ್ಲ ಬೇಕಾಗಲಿಕ್ಕಿಲ್ಲವೇನೋ.

ಇರಲಿ, ತಮಾಷೆ ಕೇಳು. ಚೆನ್ನಾಗಿ ಹೊಲಿಯುತ್ತಿದ್ದ ಯಂತ್ರ ಇದ್ದಕ್ಕಿದ್ದ ಹಾಗೆ ಎಡಗೈಯನ್ನು ಪಕ್ಕಕ್ಕೆ ಚಾಚಿತು. ಅಲ್ಲಿ ಏನೂ ಇಲ್ಲ, ಬರೀ ಗಾಳಿ. ಆ ಗಾಳಿಯನ್ನೇ ಎಳೆದುಕೊಂಡು, ಸೂಜಿಯ ಕೆಳಗಿಟ್ಟು, ಹೊಲಿದು, ಮಡಿಸಿ, ಮರ್ಯಾದೆಯಾಗಿ ವಾಪಸ್ ಇಟ್ಟು ಬಂತು. ದಿನಕ್ಕೆ ಐದಾರು ಸಲ ಹೀಗೆ ಮಾಡುತ್ತದಂತೆ. ಇಂಜಿನಿಯರುಗಳು ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಒಬ್ಬನಂತೂ ದೆವ್ವ ಹಿಡಿದಿದೆ ಅಂತಲೇ ನಂಬಿದ್ದಾನೆ.

ಕಾರಣ ಏನಿರಬಹುದು ಅಂತ ಊಟದ ಮೇಜಿನಲ್ಲಿ ನನ್ನನ್ನೂ ಕೇಳಿದರು. ಊಟ ತುಂಬಾ ಚೆನ್ನಾಗಿತ್ತು.

ಮುಂದಿನ ವಾರದ ಅಂಕಣ ತಪ್ಪದೆ ಓದಿ.

ಪಟಪಟಿ

•

ಮೇ 19

ಓದಿದೆವು.

ಕಟಿಂಗ್ ಮಾಸ್ಟರ್ ಬೆಂಚು ಹತ್ತಿ ತಲೆಬರಹ ಕೂಗಿದ: "ಯಂತ್ರಕ್ಕೂ ಒಂದಕ್ಕೆ ಬಂತು!" ಅಷ್ಟಕ್ಕೇ ನಗು ಶುರುವಾಯಿತು. ಗಾಳಿ ಹೊಲಿಯುವ ಕೈ, ದೆವ್ವ, ಎಲ್ಲ ಓದಿದ. ನಾನೂ ನಗುತ್ತಿದ್ದೆ. ಆಮೇಲೆ ಆ ಸಾಲು ಬಂತು. ನನಗೆ ಬಾಯಿಪಾಠ ಆಗಿದೆ: "ಇದು ದೆವ್ವವಲ್ಲ ಸ್ವಾಮಿ, ಮೂತ್ರಕೋಶ! ಪಕ್ಕದ ಸೀಟಿನವಳು ಕಳ್ಳಹೆಜ್ಜೆಯಲ್ಲಿ ಟಾಯ್ಲೆಟ್ಟಿಗೆ ಜಾರಿದಾಗ ಅವಳ ಕೆಲಸವನ್ನೂ ಹೊಲಿದು ಬೋರ್ಡಿಗೆ ಮಂಕುಬೂದಿ ಎರಚುವ ಜಾಣೆಯರಿಂದ ಪಾಠ ಕಲಿತ ಯಂತ್ರವಿದು."

ನಗು ಒಂದು ತುದಿಯಿಂದ ಸತ್ತುಕೊಂಡು ಬಂತು. ಕಟಿಂಗ್ ಮಾಸ್ಟರಿಗೆ ತಾನು ಏನು ಓದುತ್ತಿದ್ದೇನೆ ಅಂತ ಅರ್ಥವಾಗುವ ಹೊತ್ತಿಗೆ ಇನ್ನೂ ಎರಡು ಸಾಲು ಓದಿಬಿಟ್ಟಿದ್ದ. ದೊಡ್ಡಮ್ಮನ ತುತ್ತು ಕೈಯಲ್ಲೇ ಇತ್ತು. "ಅಲ್ವೇ, ಇದು ನಮ್ ಲೈನಲ್ವೇನೇ?" ಅಂದಳು.

ಅಂಕಣ ಬಂದ ಆರನೇ ದಿನ ಸೀಟುಗಳ ನಡುವೆ ಪಾರದರ್ಶಕ ತಡೆ ಹಾಕಿದರು. ನಿಂತರೆ ಎದೆಯೆತ್ತರ, ಅಂಗೈ ತೂರುವ ಸಂದಿಲ್ಲ. ಪಕ್ಕದವಳು ಕಾಣುತ್ತಾಳೆ, ಕೈಗೆ ಸಿಗುವುದಿಲ್ಲ. ಹಳದಿ ಬಿಲ್ಲೆ ಒಬ್ಬೊಬ್ಬರಿಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಬರೆದುಕೊಂಡು ಕೊಡುತ್ತಾರೆ.

ಮೊನ್ನೆ ಮೂರೂವರೆ ಹೊತ್ತಿಗೆ ದೊಡ್ಡಮ್ಮ ತಡೆಯ ಆ ಕಡೆ ಕತ್ತರಿ ಹಿಡಿದು ಕೂತಿದ್ದಳು. ತಳ್ಳಲು ಜಾಗ ಇಲ್ಲ. ನನ್ನನ್ನು ನೋಡಿದಳು. ನಾನು ಎದ್ದು ಸೂಪರ್‌ವೈಸರ್ ಹತ್ತಿರ ಹೋದೆ. "ಅವರ ಸರದಿ ಮುಗೀತಲ್ಲ, ಸಂಜೆ ಬೆಲ್ ಹೊಡೀಲಿ" ಅಂದ. "ವಯಸ್ಸಾದವ್ರು ಸಾರ್." "ಇದು ಆಸ್ಪತ್ರೆ ಅಲ್ಲಮ್ಮ, ನಿಮ್ ಸೀಟಿಗೆ ಹೋಗಿ, ಬೋರ್ಡ್ ಕೆಂಪಾಗಿದೆ." ವಾಪಸ್ ಬಂದು ಕೂತೆ. ಹೌದು, ಕೂತೆ. ದೊಡ್ಡಮ್ಮ ಹೊಲಿಯುತ್ತಲೇ ಇದ್ದಳು, ಒಂದು ಕಾಲರೂ ತಪ್ಪಲಿಲ್ಲ. ಬೆಲ್ಲಾದ ಮೇಲೆ ಕೈಚೀಲವನ್ನು ಮುಂದೆ ಹಿಡಿದು ಎದ್ದಳು. ಕುರ್ಚಿಯಿಂದ ತೊಟ್ಟಿಕ್ಕುತ್ತಿತ್ತು.

ಸದ್ದಿಗೆ ನಾವೆಲ್ಲ ತಿರುಗಿ ನೋಡಿದೆವು. ನೋಡಬಾರದಿತ್ತು. ಹಣೆಯ ಮೇಲೆ ಏನಿದೆ ಅಂತ ನೆನಪೇ ಆಗಲಿಲ್ಲ. ಮೂವತ್ತೊಂದು ಹಣೆಗಳು ತಿರುಗಿದವು ಪಟಪಟಿ, ಮೂವತ್ತೊಂದು ಕ್ಯಾಮೆರಾಗಳು.

ಅವಳು ಮತ್ತೆ ಬಂದಿಲ್ಲ. ಕುರ್ಚಿಯನ್ನು ನಾನು ಒರೆಸಿದೆ. ನನಗೆ ನೋಟಿಸು ಬಂದಿದೆ: ವಿಡಿಯೋದಲ್ಲಿ ನನ್ನ ಎಡಗೈ ಇನ್ನೂರ ಹನ್ನೊಂದು ಸಲ ಪಕ್ಕಕ್ಕೆ ಹೋಗಿದೆಯಂತೆ. ವಂಚನೆಯ ಆರೋಪ. ಜೂನ್ ಇಪ್ಪತ್ತಕ್ಕೆ ವಿಚಾರಣೆ. ಲೈನಿನಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಸಹಿ ಹಾಕಿಸಿದವಳು ನಾನಲ್ಲವೇ.

ಉತ್ತರ ಬೇಡ.

ಬಲಸೀಟು

•

ಮೇ 24

ಬಲಸೀಟೇ,

ಬೇಡ ಅಂದರೂ ಬರೆಯುತ್ತಿದ್ದೇನೆ. ನಾಲ್ಕು ಸಲ ಬರೆದು ಹರಿದೆ.

ನಾನು ಫ್ಯಾಕ್ಟರಿಯ ಹೆಸರು ಬರೆದಿಲ್ಲ, ನೀನೇ ನೋಡು, ಎಲ್ಲೂ ಇಲ್ಲ. ಆ ತಲೆಬರಹ ನನ್ನದಲ್ಲ, ಸಂಪಾದಕರು ಇಟ್ಟದ್ದು. ನಾನು "ಗಾಳಿ ಹೊಲಿಯುವ ಕೈ" ಅಂತ ಇಟ್ಟಿದ್ದೆ. ತಮಾಷೆ ಮಾಡಿದ್ದು ಯಂತ್ರವನ್ನು, ನಿಮ್ಮನ್ನಲ್ಲ. ಜಾಣೆಯರು ಅಂದಿದ್ದು ಮೆಚ್ಚಿ. ಮಂಕುಬೂದಿ ಅನ್ನುವುದು ಒಂದು ಮಾತಿನ ವರಸೆ. ಅಷ್ಟಕ್ಕೂ ನಾನು ಬರೆಯದಿದ್ದರೂ ಅವರೇ ವಿಡಿಯೋ ನೋಡಿ ಇವತ್ತಲ್ಲ ನಾಳೆ ಕಂಡುಹಿಡಿಯುತ್ತಿದ್ದರು. ಓದುಗರಲ್ಲಿ ಎಷ್ಟು ಜನ ನಿಮ್ಮ ಪರವಾಗಿ ಮರುಗಿ ಬರೆದಿದ್ದಾರೆ ಗೊತ್ತಾ? ಮೂವರು.

ದೊಡ್ಡಮ್ಮನಿಗೆ ಒಂದು ಒಳ್ಳೆಯ ಶಾಲು ಕಳಿಸಿದ್ದೇನೆ. ತಲುಪಿಸು. ಯಾರು ಕೊಟ್ಟದ್ದು ಅಂತ ಹೇಳಬೇಕಾಗಿಲ್ಲ.

ಪಟಪಟಿ

•

ಜೂನ್ 8

ಬಲಸೀಟೇ,

ಶಾಲು ವಾಪಸ್ ಬಂತು. ಕಟ್ಟು ಬಿಚ್ಚಿರಲಿಲ್ಲ. ಒಳಗೆ ಕಾಗದವೂ ಇರಲಿಲ್ಲ.

ಹೋದ ಸಲ ಬರೆದ ಒಂದೊಂದು ಸಾಲೂ ನಿಜ. ಒಟ್ಟು ಸೇರಿಸಿದರೆ ಸುಳ್ಳು. ಈಗ ನಿಜ ಬರೆಯುತ್ತೇನೆ.

ಅಂಕಣ ಅಚ್ಚಾಗುವ ಮೊದಲೇ ಅವರಿಗೆ ಹೇಳಿದ್ದೆ. ಆ ಊಟದ ಮೇಜಿನಲ್ಲೇ. ಸುತ್ತ ಹದಿನಾಲ್ಕು ಜನ, ಎಲ್ಲ ದೊಡ್ಡ ಓದಿನವರು. ನಾನು ಅಂಥವರ ನಡುವೆ ಕೂತಾಗೆಲ್ಲ ಬೆರಳುಗಳನ್ನು ಮಡಿಲಲ್ಲಿ ಬಚ್ಚಿಡುತ್ತೇನೆ. ಸೂಜಿ ಹೊಕ್ಕ ಗುರುತಿದೆಯಲ್ಲ, ಅದಕ್ಕೆ. ಒಬ್ಬ ಹೇಳಿದ, "ಈ ಎಡಗೈ ಯಾಕ್ ಹಿಂಗಾಡತ್ತೆ ಅಂತ ಮೂರು ವಾರದಿಂದ ತಲೆ ಕೆಟ್ಟೋಗಿದೆ." ಆ ಮೇಜಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ತುರಿಸಿತು. ಹೇಳಿದೆ. ಹದಿನಾಲ್ಕು ಜನವೂ ತಿನ್ನುವುದು ಬಿಟ್ಟು ನನ್ನನ್ನೇ ನೋಡಿದರು. "ನಿಮಗ್ಹೇಗ್ ಗೊತ್ತು ಮೇಡಂ?"

"ನಮಗೆ ಪರಿಚಯದ ಒಬ್ಬ ಕೆಲಸದವಳು ಹೇಳಿದ್ದು" ಎಂದೆ.

ಅದು ನೀನು. ನಿನ್ನನ್ನು ಹಾಗೆಂದೆ.

ಅವರು ನಗುತ್ತಿದ್ದರು. ಅಂಥವರು ನನ್ನ ಮಾತಿಗೆ ಹಾಗೆ ನಕ್ಕದ್ದು ಅದೇ ಮೊದಲು. ನಗು ನಿಲ್ಲಬಾರದು ಅನ್ನಿಸಿತು. ಅದಕ್ಕೇ ಇನ್ನೊಂದು ಎಸೆದೆ. "ಒಬ್ಬಳಂತೆ, ನಲವತ್ತು ನಿಮಿಷ ಟಾಯ್ಲೆಟ್ಟಲ್ಲೇ ಕೂತಿದ್ಲಂತೆ. ಎಣಿಕೆ ಒಂದೂ ಬೀಳಲಿಲ್ವಂತೆ!" ಒಬ್ಬ ಮೇಜು ಗುದ್ದಿದ. ಇನ್ನೊಬ್ಬ ಕೇಳಿದ, "ಅಷ್ಟೊತ್ತು ಏನ್ ಮಾಡ್ತಿದ್ಲು?"

"ಯಾರಿಗ್ಗೊತ್ತು, ನಿದ್ದೆ ಹೊಡೀತಿದ್ಲೇನೋ" ಎಂದೆ.

ಅವಳು ಏನು ಮಾಡುತ್ತಿದ್ದಳು ಅಂತ ನಿನಗೆ ಗೊತ್ತು. ಮೂರು ತಿಂಗಳಾಗಿತ್ತು. ಮಗುವಿನ ವಿಷಯ ಮೇಲಿನವರಿಗೆ ಗೊತ್ತಾದರೆ ಲೈನಿನಿಂದ ತೆಗೆಯುತ್ತಾರೆ ಅಂತ ಆ ದಿನದವರೆಗೆ ಯಾರಿಗೂ ಹೇಳಿರಲಿಲ್ಲ. ಬೆಳಗಿನಿಂದ ನೋವಿತ್ತು. ಎರಡು ಗಂಟೆಗೆ ಕತ್ತರಿ ನಿನ್ನ ಕಡೆ ತಳ್ಳಿದೆ. ದನಿ ಹೊರಗೆ ಹೋಗಬಾರದು ಅಂತ ಬಾಯಿಗೆ ಒಂದು ಕಾಲರ್ ತುಂಡು ತುರುಕಿಕೊಂಡಿದ್ದೆ. ಹೋಗಬೇಕಾದದ್ದು ಹೋಯಿತು. ನೀರು ಹಾಕಿದೆ. ಎರಡು ಸಲ ಹಾಕಬೇಕಾಯಿತು. ಹೊರಗೆ ಬಂದಾಗ ಬೋರ್ಡಿನಲ್ಲಿ ನನ್ನ ಸಂಖ್ಯೆ ಹಸಿರಾಗಿತ್ತು. ಆ ಹಸಿರನ್ನು ಇವತ್ತಿಗೂ ಮರೆಯಲಾಗಿಲ್ಲ. ಅದನ್ನೇ ತಟ್ಟೆಯ ಪಕ್ಕ ಇಟ್ಟು ನಗಿಸಿದೆ.

ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ. ಬರೆದರೆ ಅದೂ ಒಂದು ಒಳ್ಳೆಯ ವಾಕ್ಯ ಆಗಿಬಿಡುತ್ತದೆ.

ಎಡಸೀಟು

•

ಜೂನ್ 14

ಎಡಸೀಟೇ,

ನಿನ್ನ ಕಾಗದವನ್ನು ಬೆಂಚು ಹತ್ತಿ ಓದಲಿಲ್ಲ. ಹರಿದೂ ಹಾಕಲಿಲ್ಲ.

ಕೋಪ ಇದೆ. ಎದುರಿಗೆ ಸಿಕ್ಕಿದ್ದರೆ ಕೆನ್ನೆಗೆ ಬಿಡುತ್ತಿದ್ದೆ, ಇಬ್ಬರಿಗೂ ಸಲೀಸಾಗುತ್ತಿತ್ತು. ಆದರೆ ನಾಚಿಕೆಯನ್ನು ನೀನೊಬ್ಬಳೇ ಗುತ್ತಿಗೆ ಹಿಡಿದಿಲ್ಲ. ನನ್ನದೂ ಕೇಳು.

ನೆರೆಕೈ ಅಂದರೆ ನನಗೆ ಹೆಮ್ಮೆ. ಇಷ್ಟು ವರ್ಷ ಅದನ್ನೇ ನಮ್ಮ ಒಗ್ಗಟ್ಟು ಅಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಆ ಮಧ್ಯಾಹ್ನವನ್ನು ಮತ್ತೆ ಬಿಚ್ಚಿ ನೋಡಿದೆ. ನೀನು ಬಾಯಿಗೆ ಬಟ್ಟೆ ತುರುಕಿಕೊಂಡು ಒಳಗೆ ಕೂತಿದ್ದಾಗ ನಾನು ಏನು ಮಾಡಿದೆ? ನಿನ್ನ ಮುಖ ಸುಣ್ಣದ ಹಾಗಿದ್ದದ್ದು ನೋಡಿದ್ದೆ. ಮಷೀನು ನಿಲ್ಲಿಸಬೇಕಿತ್ತು. ಬಾಗಿಲು ಒದ್ದು ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಿತ್ತು. ನಾನು ಕಾಲರ್ ಹೊಲಿದೆ. ಇಪ್ಪತ್ತೇಳು. ಒಂದೂ ಸೊಟ್ಟಗಿಲ್ಲದ ಹಾಗೆ ಹೊಲಿದೆ. ಮನೆಗೆ ಹೋಗಿ ನೆಮ್ಮದಿಯಾಗಿ ಉಂಡೆ, ಗೆಳತಿಗೆ ಆದೆನಲ್ಲ ಅಂತ.

ನಾವು ಕಾಪಾಡಿದ್ದು ನಿನ್ನನ್ನಲ್ಲ ಕಣೇ, ಅವರ ಬೋರ್ಡನ್ನ. ಮನುಷ್ಯರ ಮೈಯನ್ನು ಕಳ್ಳಮಾಲಿನ ಹಾಗೆ ಬಂಡಲುಗಳ ಹಿಂದೆ ಸಾಗಿಸಿದೆವು. ಸಂಖ್ಯೆ ಯಾವತ್ತೂ ಬೀಳದಿದ್ದರೆ ಒಂದು ಬಿಲ್ಲೆ ಸಾಲದು ಅಂತ ಯಾರಿಗೆ ಗೊತ್ತಾಗಬೇಕು? ಕೈ ಚಾಚಿದ್ದು ತಪ್ಪಲ್ಲ. ಕದ್ದು ಚಾಚಿದ್ದು ತಪ್ಪು. ಆ ತಲೆಯಿಲ್ಲದ ಯಂತ್ರವೇ ವಾಸಿ, ಹದಿನಾಲ್ಕು ಸಾಹೇಬರ ಎದುರಿಗೇ ಚಾಚಿತು.

ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬಾಗಿಲು ತೆಗೆಯಲಿಲ್ಲ. ಹೊಸ್ತಿಲ ಮೇಲೆ ಕೂತು ಮಾತಾಡಿದೆ. ಒಂದು ಗಂಟೆ ಆದ ಮೇಲೆ ಒಳಗಿನಿಂದಲೇ ಕೇಳಿದಳು, "ಎಲ್ರೂ ನೋಡಿದ್ರೇನೇ?" ನೋಡಿದ್ವಿ ಅಂದೆ. "ಕ್ಯಾಮೆರಾನೂ?" ಅದೂ ಅಂದೆ. ಸುಳ್ಳು ಹೇಳಲಿಲ್ಲ. ಆಮೇಲೆ, "ಹಂಗಾದ್ರೆ ವಿಚಾರಣೆಗೆ ನಾನೂ ಬರ್ತೀನಿ" ಅಂದಳು.

ಕಟಿಂಗ್ ಮಾಸ್ಟರ್ ನಿಯಮದ ಪುಸ್ತಕ ತಂದು ತೋರಿಸಿದ. ಆ ಲೈನಿನಲ್ಲಿ ಹಿಂದೆ ಕೆಲಸ ಮಾಡಿದವರು ಒಬ್ಬರು ನನ್ನ ಸಾಕ್ಷಿಯಾಗಿ ಬಂದು ಮಾತಾಡಬಹುದು. ನಿನ್ನಿಂದ ಅಂಕಣ ಬೇಡ, ಶಾಲು ಬೇಡ. ಇಪ್ಪತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಬಾ. ನನ್ನ ಎಡಗಡೆ ಕೂತು ಒಂದೇ ಮಾತು ಹೇಳು: "ಆ ನಲವತ್ತು ನಿಮಿಷದವಳು ನಾನು."

ಕುರ್ಚಿ ಇಟ್ಟಿರುತ್ತೇನೆ.

ಬಲಸೀಟು

•

ಜೂನ್ 23

ಬಲಸೀಟೇ,

ಬಂದಿದ್ದೆ.

ಒಂಬತ್ತೂವರೆಗೇ ಗೇಟಿನಲ್ಲಿದ್ದೆ. ಕಾವಲಿನವನ ಹತ್ತಿರ ಎರಡು ಪುಸ್ತಕ. ಒಂದು ಸಾಕ್ಷಿಗಳಿಗೆ, ಒಂದು ಅತಿಥಿಗಳಿಗೆ. ಯಾವುದರಲ್ಲಿ ಬರೆಯಲಿ ಅಂತ ಅವನು ತಲೆ ಎತ್ತಿದ, ಗುರುತು ಹಿಡಿದ. "ಪೇಪರಲ್ಲಿ ಬರೀತೀರಲ್ಲ, ನೀವೇ ಅಲ್ವಾ ಮೇಡಂ? ಒಂದಕ್ಕೆ ಬಂತು ಅಂತ ಬರ್ದಿದ್ರಲ್ಲ, ಅಯ್ಯಯ್ಯೋ, ನಮ್ ಮನೇವ್ಳು ಬಿದ್ದು ಬಿದ್ದು ನಕ್ಳು!" ಅವನೇ ಅತಿಥಿಗಳ ಪುಸ್ತಕದಲ್ಲಿ ಬರೆದುಕೊಂಡ. ನಾನು ಬೇಡ ಅನ್ನಲಿಲ್ಲ. ಪೆನ್ನು ಅವನ ಕೈಯಲ್ಲಿತ್ತು ಅಂತ ಬರೆದರೆ ಅದು ನೆಪ.

ಫ್ಯಾನಿರುವ ಕೋಣೆಯಲ್ಲಿ ಕೂರಿಸಿದರು. ಗಾಜಿನ ಆಚೆ ಕಾರಿಡಾರು. ನೀವೆಲ್ಲ ಗೋಡೆಗೆ ಒರಗಿ ನಿಂತಿದ್ದಿರಿ. ದೊಡ್ಡಮ್ಮನ ಗುರುತು ನನಗಿರಲಿಲ್ಲ, ಆದರೂ ಗೊತ್ತಾಯಿತು. ಕೈಚೀಲವನ್ನು ಮುಂದೆ ಹಿಡಿದಿದ್ದಳು. ನೀನು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಕೆಳಗಾಗಿ ಹೊತ್ತುಕೊಂಡು ಬಂದೆ. ಒಳಗೆ ಹೋಗುವ ಮೊದಲು ಗೇಟಿನ ಕಡೆ ಒಂದು ಸಲ ನೋಡಿದೆ. ನಾನು ಗಾಜಿನಿಂದ ಹಿಂದೆ ಸರಿದೆ.

ಏಳುತ್ತೇನೆ, ಈಗ ಏಳುತ್ತೇನೆ ಅಂತ ಕೂತಿದ್ದೆ. ಮೊದಲ ವಾಕ್ಯ ತಯಾರು ಮಾಡುತ್ತಿದ್ದೆ. ಬಂದ ವಾಕ್ಯವೆಲ್ಲ ತಮಾಷೆಯಾಗಿಯೇ ಶುರುವಾಗುತ್ತಿತ್ತು. ನನಗೆ ಬೇರೆ ಥರ ಮಾತಾಡಲು ಬರುವುದಿಲ್ಲ ಅಂತ ಆಗ ಗೊತ್ತಾಯಿತು. ನಡುವೆ ಟಾಯ್ಲೆಟ್ಟಿಗೆ ಹೋದೆ. ಅತಿಥಿಗಳದ್ದು, ಕನ್ನಡಿ ಇದೆ, ಒಳ್ಳೆಯ ಸೋಪಿದೆ. ಯಾರೂ ಬಿಲ್ಲೆ ಕೇಳಲಿಲ್ಲ.

ನೀವು ಹೊರಗೆ ಬರುವ ಮೊದಲೇ ಎದ್ದು ಹೋದೆ. ಏನಾಯಿತು ಅಂತ ಕೇಳುವ ಮುಖ ನನಗಿಲ್ಲ.

ಎಡಸೀಟು ಅಂತ ಸಹಿ ಹಾಕುವುದಿಲ್ಲ.

•

ಜುಲೈ 2

ನೀನು ಕೇಳದಿದ್ದರೂ ಹೇಳುತ್ತೇನೆ.

ದೊಡ್ಡ ಸಾಹೇಬರು, ಇನ್ನಿಬ್ಬರು, ಗೋಡೆಯ ಮೇಲೆ ದೊಡ್ಡ ಪರದೆ. ನನ್ನ ಎಡಗೈಯನ್ನು ಹಾಕಿ ತೋರಿಸಿದರು. "ಈ ಕೈ ನಿಮ್ದೇನಾ?" ನಂದೇ ಅಂದೆ. ಮತ್ತೊಂದು ತೋರಿಸಿದರು, ಅದೂ ನಂದೇ ಅಂದೆ. ಇನ್ನೂರ ಹನ್ನೊಂದೂ ನಂದೇ, ಸುಮ್ಮನೆ ಕರೆಂಟು ಯಾಕೆ ಸುಡ್ತೀರಿ ಅಂದೆ. ಹೊರಗೆ ನಿಂತಿದ್ದವರು ಬಾಗಿಲು ತಳ್ಳಿಕೊಂಡು ಬಂದರು. ನಂದೂ ಇದೆ, ನಂದೂ ಹಾಕಿ ಅಂತ ಶುರು ಮಾಡಿದರು. ಒಂದು ತಿಂಗಳು ನನ್ನ ಜೊತೆ ಊಟಕ್ಕೆ ಕೂರದವರು.

ಆಮೇಲೆ ದೊಡ್ಡಮ್ಮ ಎದ್ದಳು. "ಆವತ್ತಿಂದೂ ಹಾಕಿ ಸಾಹೇಬ್ರೆ. ಬೆಲ್ಲಾದ್ ಮೇಲಿಂದು." ಅದು ಸಂಬಂಧ ಇಲ್ಲ ಅಂದರು. "ಹಾಕಿ. ನನ್ ಮೈಯಿ, ನಾನ್ ಹೇಳ್ತಿದೀನಿ." ಹಾಕಿದರು. ಸಾಹೇಬರು ಮೇಜು ನೋಡುತ್ತಿದ್ದರು. ದೊಡ್ಡಮ್ಮ ಚೀಲವನ್ನು ಕುರ್ಚಿಯ ಮೇಲಿಟ್ಟು ಎರಡೂ ಕೈ ಬಿಟ್ಟುಕೊಂಡು ನಿಂತಳು. "ಇತ್ಲಾಗ್ ನೋಡಿ. ನಾನೇ ನೋಡ್ತಿದೀನಿ, ನಿಮಗೇನ್ ಕಷ್ಟ?" ಪೂರ್ತಿ ಮುಗಿಯುವವರೆಗೆ ನಿಲ್ಲಿಸಲು ಬಿಡಲಿಲ್ಲ.

ಕೊನೆಗೆ ನನ್ನ ಸಾಕ್ಷಿ ಎಲ್ಲಿ ಅಂತ ಕೇಳಿದರು. ಎಡಗಡೆ ಕುರ್ಚಿ ಖಾಲಿ ಇತ್ತು. ನೀನು ಗಾಜಿನ ಹಿಂದೆ ಇದ್ದೀ ಅಂತ ನನಗೆ ಗೊತ್ತಿತ್ತು, ಸರಿಯುವಾಗ ನೋಡಿದ್ದೆ. ಹೋಗಿ ಎಳೆದುಕೊಂಡು ಬರಬಹುದಿತ್ತು. ಅವಳದ್ದೂ ನಾನೇ ಹೇಳ್ತೀನಿ ಅಂದೆ. ಆ ಮಧ್ಯಾಹ್ನವನ್ನು ಹೇಳಿದೆ. ನಾನು ಹೊಲಿದ ಇಪ್ಪತ್ತೇಳನ್ನೂ ಹೇಳಿದೆ. "ಯಾರಮ್ಮ ಅವಳು, ಹೆಸರೇನು?" ಅಂದರು. "ಅದನ್ನ ಅವಳೇ ಹೇಳ್ಬೇಕು" ಅಂದೆ.

ಅಲ್ಲಿಗೆ ಮುಗಿಯಿತು. ತಡೆಗಳನ್ನು ತೆಗೆದರು, ನನ್ನನ್ನೂ ತೆಗೆದರು. ಲೈನಿಗೆ ಬೆಳಿಗ್ಗೆ, ಮಧ್ಯಾಹ್ನ ಹತ್ತು ಹತ್ತು ನಿಮಿಷ ಮಷೀನು ನಿಲ್ಲಿಸುವುದು ಅಂತ ಬರೆದು ಕೊಟ್ಟಿದ್ದಾರೆ. ಬೋರ್ಡು ಆಗ ಕೆಂಪಾಗುತ್ತದಂತೆ. ಆಗಲಿ. ಎಲ್ಲರೂ ಕ್ಯಾಮೆರಾ ಬಿಚ್ಚಿಟ್ಟಿದ್ದಾರೆ, ಆದರೆ ಆ ಯಂತ್ರ ಬಿಡುವುದಿಲ್ಲ, ಬಂದೇ ಬರುತ್ತದೆ. ನನ್ನ ಹೆಬ್ಬೆರಳಿನ ಒತ್ತನ್ನೂ ಹೊತ್ತುಕೊಂಡು ಬರುತ್ತದೆ. ಎಡಕ್ಕೆ ಚಾಚುವುದನ್ನು ಮಾತ್ರ ಅಷ್ಟರಲ್ಲಿ ಮರೆಸಿರುತ್ತಾರೆ.

ಇದರ ಜೊತೆ ಒಂದು ಸಣ್ಣ ಪೊಟ್ಟಣ ಇದೆ. ಆ ಮಧ್ಯಾಹ್ನ ನೀನು ನನ್ನ ಮೇಜಿಗೆ ತಳ್ಳಿದ ಕತ್ತರಿ. ವಾಪಸ್ ತೆಗೆದುಕೊಳ್ಳಲು ನಿನಗೆ ನೆನಪಾಗಲಿಲ್ಲ, ಮರುವಾರ ಕೆಲಸ ಬಿಟ್ಟೆ. ಹನ್ನೊಂದು ವರ್ಷ ನನ್ನ ಡಬ್ಬಿಯಲ್ಲಿತ್ತು. ಅದು ನನ್ನ ಹತ್ತಿರ ಇರುವವರೆಗೂ ನೀನು ಇನ್ನೂ ಒಳಗೇ ಇದ್ದೀ, ನಿನ್ನದನ್ನು ನಾನು ಹೊಲಿಯುತ್ತಲೇ ಇರಬೇಕು ಅಂತ ಲೆಕ್ಕ. ಇಪ್ಪತ್ತನೇ ತಾರೀಕು ಹೊಲಿದದ್ದೇ ಕೊನೆ.

ಎಣ್ಣೆ ಹಾಕಿದ್ದೇನೆ, ತುಕ್ಕಿಲ್ಲ. ಇನ್ನು ನಿನ್ನ ಪೀಸು ನೀನೇ ಹೊಲಿ.

ಸೀಟಿಲ್ಲದ
ಬಲಸೀಟು